ಹಳೆಯ ಪಿಸಿ ಗೇಮ್ ಎಲ್ಲಿ ಕೊಳ್ಳಬೇಕು: ಸ್ಟೀಮ್‌ನಲ್ಲೋ, ಗಾಗ್‌ನಲ್ಲೋ?

ಹಳೆಯ ಗೇಮ್ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಬೆಲೆ ಅಲ್ಲ. ಆ ಅಂಗಡಿ ಯಾವ ವರ್ಷನ್ ಮಾರುತ್ತಿದೆ? ದುಡ್ಡು ಕೊಟ್ಟ ಮೇಲೆ ನಮ್ಮ ಕೈಗೆ ಏನು ಬರುತ್ತದೆ? ಈ ಎರಡು ಗೊತ್ತಾದ ಮೇಲೆ ಬೆಲೆ ನೋಡಿದರೆ ಸಾಕು.

ಸ್ಟೀಮ್ ಮತ್ತು ಗಾಗ್ ಎರಡೂ ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿಗಳು. ಎರಡರಲ್ಲೂ ನಾನು ಬಹಳ ವರ್ಷಗಳಿಂದ ಗೇಮ್ ಕೊಳ್ಳುತ್ತಿದ್ದೇನೆ. ಕೆಲವನ್ನು ಎರಡೂ ಕಡೆ ಕೊಂಡು, ಒಂದೇ ಲ್ಯಾಪ್‌ಟಾಪಿನಲ್ಲಿ ಹಾಕಿ ಆಡಿ ನೋಡಿದ್ದೇನೆ. ಸುಮಾರು 2005ಕ್ಕಿಂತ ಹಿಂದಿನ, ಒಬ್ಬರೇ ಕೂತು ಆಡುವ ಗೇಮ್ ಆದರೆ ನಾನು ಮೊದಲು ಹುಡುಕುವುದು ಗಾಗ್‌ನಲ್ಲಿ. ಗೆಳೆಯರ ಜೊತೆ ಆನ್‌ಲೈನ್ ಆಡುವುದಾದರೆ ಸ್ಟೀಮ್‌ನಲ್ಲಿ. ಹೀಗೆ ಯಾಕೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಗೇಮ್ ಒಂದನ್ನೇ ತೆಗೆದುಕೊಳ್ಳುತ್ತೇನೆ.

ಹೀರೋಸ್ ಆಫ್ ಮೈಟ್ ಆಂಡ್ ಮ್ಯಾಜಿಕ್ 3. ಪಟ್ಟಣ ಬೆಳೆಸಿ, ಸೈನ್ಯ ಕಟ್ಟಿ ಯುದ್ಧ ಮಾಡುವ 1999ರ ಗೇಮ್. ಒಂದೇ ಕಂಪ್ಯೂಟರಿನ ಮುಂದೆ ಇಬ್ಬರು ಮೂವರು ಕೂತು, ಒಬ್ಬರಾದ ಮೇಲೆ ಒಬ್ಬರು ಸರದಿಯಂತೆ ಆಡಬಹುದು. ಇಂದಿಗೂ ಬೇಸರ ಬರುವುದಿಲ್ಲ. ಸ್ಟೀಮ್‌ನಲ್ಲಿ ಹುಡುಕಿದರೆ ಇದರ ಎಚ್‌ಡಿ ಎಡಿಷನ್ ಸಿಗುತ್ತದೆ. ಯೂಬಿಸಾಫ್ಟ್ ಅದನ್ನು ತಂದದ್ದು 2015ರಲ್ಲಿ. ಚಿತ್ರಗಳೆಲ್ಲ ಹೊಸದಾಗಿ, ಚೊಕ್ಕವಾಗಿ ಕಾಣುತ್ತವೆ. ಆದರೆ ಮೂಲ ಗೇಮ್ ಆದ ಮೇಲೆ ಬಂದ ಎರಡು ವಿಸ್ತರಣೆಗಳು, ಆರ್ಮಗೆಡ್ಡನ್ಸ್ ಬ್ಲೇಡ್ ಮತ್ತು ಶಾಡೋ ಆಫ್ ಡೆತ್, ಅದರಲ್ಲಿ ಇಲ್ಲ. ಅವುಗಳ ಸೋರ್ಸ್ ಕೋಡ್ ಕಳೆದುಹೋಗಿದೆ ಎಂದು ಕಂಪನಿಯೇ ಹೇಳಿತ್ತು. ಹಾಗಾಗಿ ಒಂಬತ್ತನೆಯ ಪಟ್ಟಣವಾದ ಕಾನ್‌ಫ್ಲಕ್ಸ್ ಇಲ್ಲ. ಪ್ರತಿ ಸಲ ಹೊಸ ಮ್ಯಾಪ್ ಹುಟ್ಟಿಸಿಕೊಡುವ ಸೌಲಭ್ಯವೂ ಇಲ್ಲ. ಈ ಗೇಮನ್ನು ಇಪ್ಪತ್ತೈದು ವರ್ಷ ಜೀವಂತ ಇಟ್ಟಿದ್ದರಲ್ಲಿ ಆ ಮ್ಯಾಪ್‌ಗಳ ಪಾಲು ದೊಡ್ಡದು.

ಗಾಗ್‌ನಲ್ಲಿ ಸಿಗುವುದು ಕಂಪ್ಲೀಟ್ ಎಡಿಷನ್. ಹಳೆಯ ಚಿತ್ರಗಳೇ, ಆದರೆ ಮೂಲ ಗೇಮ್ ಮತ್ತು ಎರಡೂ ವಿಸ್ತರಣೆ ಪೂರ್ತಿಯಾಗಿ ಇವೆ. ಅಗಲ ಪರದೆಗೆ ಹೊಂದಿಸಲು ಎಚ್‌ಡಿ ಮಾಡ್ (ಮಾಡ್ ಎಂದರೆ ಆಟಗಾರರೇ ಗೇಮ್‌ಗೆ ಮಾಡಿದ ಬದಲಾವಣೆ) ಅಂತ ಒಂದಿದೆ, ಉಚಿತ. ಅದರ ಮೇಲೆ ಹಾರ್ನ್ ಆಫ್ ದಿ ಅಬಿಸ್ ಎನ್ನುವ ಅಭಿಮಾನಿಗಳ ದೊಡ್ಡ ಮಾಡ್ ಹಾಕಿಕೊಳ್ಳಬಹುದು. ಕೋವ್, ಫ್ಯಾಕ್ಟರಿ ಎಂಬ ಹೊಸ ಪಟ್ಟಣಗಳೇ ಅದರಲ್ಲಿ ಇವೆ. ಈ ಮಾಡ್ ಕೂರುವುದು ಕಂಪ್ಲೀಟ್ ಎಡಿಷನ್ ಮೇಲೆ, ಸ್ಟೀಮ್‌ನ ಎಚ್‌ಡಿ ಎಡಿಷನ್ ಮೇಲೆ ಅಲ್ಲ. ಹೆಸರು ಒಂದೇ, ಸಿಗುವ ಗೇಮ್ ಬೇರೆ. ಎರಡನ್ನೂ ಆಡಿದ ನನಗೆ ಇಲ್ಲಿ ಅನುಮಾನವೇ ಇಲ್ಲ, ಗಾಗ್‌ನದ್ದೇ ತೆಗೆದುಕೊಳ್ಳಿ.

ವ್ಯಾಂಪೈರ್ ದಿ ಮ್ಯಾಸ್ಕರೇಡ್ ಬ್ಲಡ್‌ಲೈನ್ಸ್ ವಿಷಯದಲ್ಲೂ ಸ್ವಲ್ಪ ಹೀಗೆಯೇ. 2004ರಲ್ಲಿ ಅವಸರದಲ್ಲಿ ಬಿಡುಗಡೆಯಾದ ಗೇಮ್ ಅದು, ದೋಷಗಳು ಜಾಸ್ತಿ. ಅಭಿಮಾನಿಗಳು ವರ್ಷಗಟ್ಟಲೆ ಕೂತು ಆ ದೋಷಗಳನ್ನು ತಿದ್ದುವ ಒಂದು ಅನಧಿಕೃತ ಪ್ಯಾಚ್ ಬೆಳೆಸಿದ್ದಾರೆ. ಗಾಗ್‌ನ ಇನ್‌ಸ್ಟಾಲರ್‌ನಲ್ಲಿ ಆ ಪ್ಯಾಚ್ ಮೊದಲೇ ಸೇರಿದೆ. ಸ್ಟೀಮ್‌ನಲ್ಲಿ ಕೊಂಡವರು ಅದನ್ನು ತಾವೇ ಇಳಿಸಿ ಹಾಕಿಕೊಳ್ಳಬೇಕು. ಕಷ್ಟದ ಕೆಲಸ ಅಲ್ಲ, ಆದರೆ ಹಾಗೊಂದು ಪ್ಯಾಚ್ ಇದೆ ಅನ್ನುವುದು ಹೊಸಬರಿಗೆ ಗೊತ್ತಿರಬೇಕಲ್ವಾ?

ಈ ವ್ಯತ್ಯಾಸ ಸುಮ್ನೆ ಬಂದದ್ದಲ್ಲ. ಗಾಗ್ 2008ರಲ್ಲಿ ಪೋಲೆಂಡಿನಲ್ಲಿ ಶುರುವಾದಾಗ ಅದರ ಪೂರ್ತಿ ಹೆಸರೇ ಗುಡ್ ಓಲ್ಡ್ ಗೇಮ್ಸ್. ಹಳೆಯ ಗೇಮನ್ನು ಈಗಿನ ವಿಂಡೋಸ್‌ನಲ್ಲಿ ಓಡುವ ಹಾಗೆ ಮಾಡಿ ಮಾರುವುದೇ ಅವರ ಮೂಲ ವ್ಯಾಪಾರ. ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದ್ದಾದರೆ, ಅಂಥ ಗೇಮ್ ಓಡಿಸುವ ಡಾಸ್‌ಬಾಕ್ಸ್ ಎಂಬ ಸಾಫ್ಟ್‌ವೇರ್ ಜೊತೆಗೆ ಕಟ್ಟಿ ಕೊಡುತ್ತಾರೆ. ಎಷ್ಟೋ ಗೇಮ್‌ಗಳಿಗೆ ಅಂದಿನ ಕೈಪಿಡಿಯ ಪಿಡಿಎಫ್ ಕೂಡ ಕೊಡುತ್ತಾರೆ. ಆ ಕಾಲದ ಗೇಮ್‌ಗಳಿಗೆ ಕೈಪಿಡಿ ಬೇಕೇ ಬೇಕು. ಯಾವ ಕೀ ಒತ್ತಿದರೆ ಏನಾಗುತ್ತದೆ ಎಂದು ಪರದೆಯ ಮೇಲೆ ಹೇಳಿಕೊಡುವ ಪದ್ಧತಿ ಆಗ ಅಷ್ಟಾಗಿ ಇರಲಿಲ್ಲ. 2024ರ ನವೆಂಬರ್‌ನಲ್ಲಿ ಅವರು ಸಂರಕ್ಷಣೆಯ ಕಾರ್ಯಕ್ರಮ ಒಂದನ್ನು 100 ಗೇಮ್‌ಗಳಿಂದ ಆರಂಭಿಸಿದರು. ಆ ಪಟ್ಟಿಯಲ್ಲಿರುವ ಗೇಮ್ ಮುಂದೆಯೂ ಓಡುವಂತೆ ನೋಡಿಕೊಳ್ಳುವುದು ತಮ್ಮ ಜವಾಬ್ದಾರಿ ಎಂದು ಹೇಳಿದ್ದಾರೆ. ಸಿಸ್ಟಮ್ ಶಾಕ್ 2 ಎಂಬ ಗೇಮ್ ಹಕ್ಕುಗಳ ಗೋಜಲಿನಲ್ಲಿ ಸಿಕ್ಕಿಕೊಂಡು ವರ್ಷಗಟ್ಟಲೆ ಎಲ್ಲೂ ಸಿಗುತ್ತಿರಲಿಲ್ಲ. 2013ರಲ್ಲಿ ಮೊದಲು ಮಾರಾಟಕ್ಕೆ ಬಂದದ್ದು ಗಾಗ್‌ನಲ್ಲೇ, ಸ್ಟೀಮ್‌ಗೆ ಬಂದದ್ದು ಕೆಲವು ತಿಂಗಳ ನಂತರ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಗಾಗ್‌ನಲ್ಲಿ ಕೊಂಡರೆ ಇನ್‌ಸ್ಟಾಲರ್ ಫೈಲನ್ನೇ ಇಳಿಸಿಕೊಳ್ಳಬಹುದು. ಅವರ ಗ್ಯಾಲಕ್ಸಿ ಎಂಬ ಆ್ಯಪ್ ಇದೆ, ಬೇಕಾದರೆ ಹಾಕಿಕೊಳ್ಳಬಹುದು, ಬೇಡವಾದರೆ ಬಿಡಬಹುದು. ನನ್ನ ಹಳೆಯ ಗೇಮ್‌ಗಳ ಇನ್‌ಸ್ಟಾಲರ್‌ಗಳೆಲ್ಲ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿ ಇವೆ. ಊರಿನ ಮನೆಯಲ್ಲಿ ನೆಟ್ ಬರದಿದ್ದರೂ ಡಿಸ್ಕ್ ಚುಚ್ಚಿ ಇನ್‌ಸ್ಟಾಲ್ ಮಾಡಬಹುದು. ಲಾಗಿನ್ ಬೇಡ, ಓಟಿಪಿ ಬೇಡ. ಒಮ್ಮೆ ಅಲ್ಲೇ ಬೇರೊಂದು ಕಂಪನಿಯ ಲಾಂಚರ್ (ಗೇಮ್ ತೆರೆಯುವ ಆ್ಯಪ್) ನೆಟ್ ಇಲ್ಲ ಅಂತ ನಾನು ದುಡ್ಡು ಕೊಟ್ಟ ಗೇಮನ್ನೇ ತೆರೆಯಲು ಬಿಡಲಿಲ್ಲ. ಆಮೇಲಿಂದ ಈ ಡಿಸ್ಕ್ ನನ್ನ ಬ್ಯಾಗಿನಲ್ಲೇ ಇರುತ್ತದೆ.

ಸ್ಟೀಮ್‌ನಲ್ಲೂ ಆಫ್‌ಲೈನ್ ಮೋಡ್ ಇದೆ, ಚೆನ್ನಾಗಿಯೂ ನಡೆಯುತ್ತದೆ. ಆದರೆ ಮೊದಲು ನೆಟ್ ಇರುವಾಗ ಲಾಗಿನ್ ಆಗಿ, ಗೇಮ್ ಇಳಿಸಿಟ್ಟಿರಬೇಕು. ಇನ್ನೊಂದು ವಿಷಯ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರಿಗೆ. ಸ್ಟೀಮ್ 2019ರ ಆರಂಭದಲ್ಲಿ ವಿಂಡೋಸ್ ಎಕ್ಸ್‌ಪಿ, ವಿಸ್ತಾಗೆ ಬೆಂಬಲ ನಿಲ್ಲಿಸಿತು. 2024ರ ಜನವರಿಯಲ್ಲಿ ವಿಂಡೋಸ್ 7 ಮತ್ತು 8ಕ್ಕೂ ನಿಲ್ಲಿಸಿತು. ಎಕ್ಸ್‌ಪಿ ಕಾಲದ ಗೇಮನ್ನು ಎಕ್ಸ್‌ಪಿ ಕಂಪ್ಯೂಟರಿನಲ್ಲೇ ಆಡುತ್ತೇನೆ ಎಂದರೆ ಸ್ಟೀಮ್‌ನ ದಾರಿ ಮುಚ್ಚಿದೆ.

ಗಾಗ್‌ನಿಂದ ಇಳಿಸಿಟ್ಟ ಫೈಲ್ ತಾನಾಗಿ ಬದಲಾಗುವುದೂ ಇಲ್ಲ. ಇದು ಎಷ್ಟು ಮುಖ್ಯ ಎಂದು ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೊ) ಆಡಿದವರಿಗೆ ಗೊತ್ತು. ಹಾಡುಗಳ ಲೈಸೆನ್ಸ್ ಮುಗಿದಾಗ 2014ರಲ್ಲಿ ಸ್ಯಾನ್ ಆಂಡ್ರಿಯಾಸ್‌ನಿಂದ, 2018ರಲ್ಲಿ ಜಿಟಿಎ 4ರಿಂದ ರೇಡಿಯೊ ಹಾಡುಗಳನ್ನು ತೆಗೆದರು. ಸ್ಟೀಮ್‌ನಲ್ಲಿ ಮೊದಲೇ ಕೊಂಡವರ ಗೇಮ್‌ಗೂ ಆ ಅಪ್‌ಡೇಟ್ ಬಂತು. ತೀರ್ಮಾನ ಗೇಮ್ ಕಂಪನಿಯದ್ದು, ಸ್ಟೀಮ್‌ನದ್ದಲ್ಲ. ಆದರೂ ಕಾರು ಓಡಿಸುತ್ತಾ ಕೇಳಿದ ಹಾಡುಗಳೇ ಆ ಗೇಮ್‌ನ ಅರ್ಧ ಜೀವ.

ನ್ಯಾಯವಾಗಿ ಹೇಳಬೇಕೆಂದರೆ, ಕಾನೂನಿನ ಲೆಕ್ಕದಲ್ಲಿ ಎರಡೂ ಕಡೆ ನಾವು ಕೊಳ್ಳುವುದು ಲೈಸೆನ್ಸ್ ಮಾತ್ರ. 2024ರಿಂದ ಸ್ಟೀಮ್ ತನ್ನ ಕಾರ್ಟ್ ಪುಟದಲ್ಲೇ ಇದನ್ನು ಬರೆದು ತೋರಿಸುತ್ತಿದೆ. ಅಂಗಡಿಯಿಂದ ಗೇಮ್ ಮಾಯವಾಗುವುದೂ ಎರಡೂ ಕಡೆ ಇದೆ. 2013ರ ಕೊನೆಗೆ ಹಳೆಯ ಫಾಲ್‌ಔಟ್ ಗೇಮ್‌ಗಳು ಗಾಗ್‌ನಿಂದ ಹೋದವು, 2015ರಲ್ಲಿ ವಾಪಸ್ ಬಂದವು. 2024ರ ಡಿಸೆಂಬರ್‌ನಲ್ಲಿ ವಾರ್‌ಕ್ರಾಫ್ಟ್ 1 ಮತ್ತು 2ರ ಮಾರಾಟ ಅಲ್ಲಿ ನಿಂತಿತು. ಮೊದಲೇ ಕೊಂಡವರಿಗೆ ಎರಡು ಸಲವೂ ತೊಂದರೆ ಆಗಲಿಲ್ಲ.

ದುಡ್ಡು ಕೊಡುವ ವಿಷಯಕ್ಕೆ ಬಂದರೆ ಸ್ಟೀಮ್ ಸುಲಭವಾಗಿ ಗೆಲ್ಲುತ್ತದೆ. ಬೆಲೆ ರೂಪಾಯಿಯಲ್ಲಿ ಇರುತ್ತದೆ, ಯುಪಿಐ ನಡೆಯುತ್ತದೆ. ಗಾಗ್ ನನಗೆ ಡಾಲರ್‌ನಲ್ಲೇ ಬೆಲೆ ತೋರಿಸುತ್ತದೆ. ರಿಸರ್ವ್ ಬ್ಯಾಂಕಿನ 2020ರ ನಿಯಮದಿಂದಾಗಿ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಪಾವತಿ ಮೊದಲಿಗೆ ಬಂದ್ ಆಗಿರುತ್ತದೆ. ಬ್ಯಾಂಕ್ ಆ್ಯಪ್‌ಗೆ ಹೋಗಿ ಆನ್ ಮಾಡಬೇಕು. ಡಾಲರ್ ಬದಲಾವಣೆಗೆ ಬ್ಯಾಂಕ್ ತನ್ನ ಪಾಲು ಹಿಡಿಯುತ್ತದೆ, ಅದರ ಮೇಲೆ ಜಿಎಸ್‌ಟಿ ಬೇರೆ. ಹಾಗಾಗಿ ನಾನು ಗಾಗ್‌ನಲ್ಲಿ ಸೇಲ್ ಬರುವವರೆಗೆ ಕಾಯುತ್ತೇನೆ. ಹಳೆಯ ಗೇಮ್‌ಗಳ ಬೆಲೆ ಆಗ ಚೆನ್ನಾಗಿ ಇಳಿಯುತ್ತದೆ. ಕಾಲೇಜು ಹುಡುಗರಿಗೆ, ಸ್ವಂತ ಕಾರ್ಡ್ ಇಲ್ಲದವರಿಗೆ ಗಾಗ್ ಸದ್ಯಕ್ಕೆ ಸುಲಭದ ಅಂಗಡಿ ಅಲ್ಲ. ಅವರು ಇದನ್ನು ಸರಿ ಮಾಡಲೇಬೇಕು.

ಹಣ ವಾಪಸ್ ಪಡೆಯುವುದರಲ್ಲಿ ಮಾತ್ರ ಗಾಗ್ ಧಾರಾಳಿ. ಇಳಿಸಿ ಆಡಿದ್ದರೂ 30 ದಿನದೊಳಗೆ ಕೇಳಬಹುದು. ಸ್ಟೀಮ್‌ನಲ್ಲಿ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ. ಹಳೆಯ ಗೇಮ್ ಓಡುವಂತೆ ಸೆಟ್ಟಿಂಗ್ಸ್ ತಿದ್ದುವುದರಲ್ಲೇ ಆ 2 ಗಂಟೆ ಕಳೆದುಹೋಗಬಹುದು.

ಹಾಗಂತ ಸ್ಟೀಮ್ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕೌಂಟರ್ ಸ್ಟ್ರೈಕ್‌ನ ಹಳೆಯ ವರ್ಷನ್ ನಮ್ಮ ಸೈಬರ್ ಕೆಫೆಗಳಲ್ಲಿ ಬೆಳೆದವರ ಗೇಮ್. ಅದು ಸ್ಟೀಮ್‌ನವರದ್ದೇ, ಇಂದಿಗೂ ಅದರಲ್ಲಿ ಜನ ಆಡುತ್ತಾರೆ. ಏಜ್ ಆಫ್ ಎಂಪೈರ್ಸ್ 2ರ 2019ರ ಡೆಫಿನಿಟಿವ್ ಎಡಿಷನ್‌ನಲ್ಲಿ ರಾತ್ರಿ ಎಷ್ಟು ಹೊತ್ತಿಗೆ ಹೋದರೂ ಎದುರಾಳಿ ಸಿಗುತ್ತಾನೆ. ಸ್ಟೀಮ್‌ನ ವರ್ಕ್‌ಶಾಪ್ ಎಂಬ ಮಾಡ್‌ಗಳ ಪುಟದಲ್ಲಿ ಒಂದು ಕ್ಲಿಕ್ ಮಾಡಿದರೆ ಮಾಡ್ ಕೂತುಬಿಡುತ್ತದೆ. ಲಿನಕ್ಸ್ ಬಳಸುವವರಿಗಂತೂ ಸ್ಟೀಮ್‌ನಲ್ಲಿ 2018ರಲ್ಲಿ ಬಂದ ಪ್ರೋಟಾನ್ ಎಂಬ ಸಾಫ್ಟ್‌ವೇರ್ ದೊಡ್ಡ ಉಪಕಾರ. ವಿಂಡೋಸ್ ಗೇಮ್‌ಗಳು ಹೆಚ್ಚು ತಲೆನೋವಿಲ್ಲದೆ ಲಿನಕ್ಸ್‌ನಲ್ಲಿ ಓಡುತ್ತವೆ. ಆದರೆ ಮ್ಯಾಕ್ಸ್ ಪೇನ್ ತರಹದ 2001ರ ಗೇಮ್ ಸ್ಟೀಮ್‌ನಲ್ಲಿ ಕೊಳ್ಳುವ ಮೊದಲು ಪಿಸಿ ಗೇಮಿಂಗ್ ವಿಕಿ ಒಮ್ಮೆ ತೆರೆದು ನೋಡಿ. ಈಗಿನ ವಿಂಡೋಸ್‌ನಲ್ಲಿ ಅದರ ಧ್ವನಿ ಕೈಕೊಡುತ್ತದೆ, ಆಟಗಾರರು ಮಾಡಿದ ಪ್ಯಾಚ್ ಹಾಕಬೇಕು. ಯಾವ ಅಂಗಡಿಯ ವರ್ಷನ್‌ನಲ್ಲಿ ಏನು ತೊಂದರೆ, ಪರಿಹಾರ ಏನು ಎಂದು ಆ ವಿಕಿಯಲ್ಲಿ ಒಂದೊಂದು ಗೇಮ್‌ಗೂ ಬರೆದಿರುತ್ತಾರೆ.

ಎಪಿಕ್ ಎಂಬ ಇನ್ನೊಂದು ಆನ್‌ಲೈನ್ ಅಂಗಡಿ ಉಚಿತ ಗೇಮ್‌ಗಳಿಗೆ ಒಳ್ಳೆಯದು. ನಾನೂ ತೆಗೆದುಕೊಳ್ಳುತ್ತೇನೆ. ಹಳೆಯ ಗೇಮ್ ಹುಡುಕುವವರಿಗೆ ಅಲ್ಲಿ ಹೆಚ್ಚೇನೂ ಇಲ್ಲ.

ಎಲ್ಲೂ ಸಿಗದ ಗೇಮ್‌ಗಳೂ ಇವೆ. ರೋಡ್ ರ‍್ಯಾಶ್ ಇಲ್ಲ. 2005ರ ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್ ಇಲ್ಲ. ಅಂಥ ಗೇಮ್ ಮತ್ತೆ ಮಾರಬೇಕೆಂದರೆ ಕಾರು ಕಂಪನಿಗಳ ಜೊತೆ, ಹಾಡುಗಳ ಹಕ್ಕು ಇರುವವರ ಜೊತೆ ಮತ್ತೆ ಒಪ್ಪಂದ ಆಗಬೇಕು. ಮನೆಯಲ್ಲಿ ಸಿಡಿ ಇದೆಯಲ್ಲ ಎಂದರೆ ಅದನ್ನೂ ನಂಬುವ ಹಾಗಿಲ್ಲ. ಆ ಕಾಲದ ಎಷ್ಟೋ ಸಿಡಿಗಳಲ್ಲಿ ಸೇಫ್‌ಡಿಸ್ಕ್ ಎಂಬ ಕಾಪಿ ತಡೆ ಇತ್ತು, 2015ರಲ್ಲಿ ಬಂದ ವಿಂಡೋಸ್ 10 ಅದರ ಡ್ರೈವರನ್ನೇ ಬಿಟ್ಟುಬಿಟ್ಟಿತು. ಗಾಗ್‌ನಲ್ಲಿ 2025ರಿಂದ ಡ್ರೀಮ್‌ಲಿಸ್ಟ್ ಎಂಬ ಪುಟ ಇದೆ. ಯಾವ ಹಳೆಯ ಗೇಮ್ ಬೇಕೋ ಅದಕ್ಕೆ ಓಟು ಹಾಕಬಹುದು, ಅದರ ಬಗ್ಗೆ ನಿಮ್ಮ ನೆನಪನ್ನೂ ಬರೆಯಬಹುದು. ಹಕ್ಕು ಇರುವ ಕಂಪನಿಗಳ ಮುಂದೆ ಇಷ್ಟು ಜನ ಕೇಳುತ್ತಿದ್ದಾರೆ ಎಂದು ತೋರಿಸಲು ಅವರಿಗೆ ಅದೇ ಆಧಾರ. ಮೋಸ್ಟ್ ವಾಂಟೆಡ್‌ಗೆ ನನ್ನ ಓಟು ಬಿದ್ದಿದೆ. ಖಾತೆ ತೆರೆಯಲು ದುಡ್ಡು ಕೊಡಬೇಕಿಲ್ಲ, ನೀವೂ ಹಾಕಿ.