ಡೆನಾನೋ ಯಮಹಾವೋ: ಬೆಂಗಳೂರಿನ ಫ್ಲ್ಯಾಟಿಗೆ ಒಗ್ಗುವ ರಿಸೀವರ್ ಯಾವುದು?

ಹೋಮ್ ಥಿಯೇಟರ್ ರಿಸೀವರ್, ಅಂದರೆ ಟಿವಿ, ಪ್ಲೇಯರ್‌ಗಳ ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ, ಕೊಳ್ಳಲು ಹೊರಟವರೆಲ್ಲ ಮೊದಲು ವಿಚಾರಿಸುವುದು ಅದರ ಶಕ್ತಿ ಎಷ್ಟು ವ್ಯಾಟ್ ಎಂದು. ಅಪಾರ್ಟ್‌ಮೆಂಟಿನಲ್ಲಿ ಇರುವವರು ಇನ್ನೊಂದು ಪ್ರಶ್ನೆ ಕೇಳಬೇಕು: ಮನೆಯವರೆಲ್ಲ ಮಲಗಿದ ಮೇಲೆ, ಕೆಳಗಿನ ಮನೆಗೆ ಕೇಳಿಸದಷ್ಟು ಸಣ್ಣ ಸದ್ದಿನಲ್ಲಿ ಸಿನಿಮಾ ನೋಡಿದರೆ ಪಾತ್ರಗಳ ಮಾತು ಅರ್ಥವಾಗುತ್ತದೆಯೇ? ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕಾನೂನಿನ ಮಿತಿ 45 ಡೆಸಿಬೆಲ್. ನಮ್ಮಲ್ಲಿ ಬಹುಪಾಲು ಮಂದಿಗೆ ಸಿನಿಮಾ ನೋಡಲು ಬಿಡುವು ಸಿಗುವುದು ಆ ಹೊತ್ತಿನಲ್ಲೇ.

ನನ್ನದು ಡೆನಾನ್ ಎವಿಆರ್-ಎಕ್ಸ್1700ಎಚ್, ಭಾವಮೈದುನನದು ಯಮಹಾ ಆರ್‌ಎಕ್ಸ್-ವಿ6ಎ. ಅವನು ಮನೆ ಬದಲಿಸುವ ಸಮಯದಲ್ಲಿ ಯಮಹಾ ನಮ್ಮ ಬನಶಂಕರಿಯ ಮನೆಯಲ್ಲೇ ಉಳಿದಿತ್ತು. ಹಾಗಾಗಿ ಒಂದೇ ಹಾಲ್, ಒಂದೇ ಐದು ಸ್ಪೀಕರ್ ಮತ್ತು ಬಾಸ್‌ಗೆಂದೇ (ತಗ್ಗುಸ್ವರದ ಸದ್ದಿಗೆಂದೇ) ಇರುವ ಸಬ್‌ವೂಫರ್ ಇಟ್ಟುಕೊಂಡು ಎರಡನ್ನೂ ಬದಲಿಸಿ ಬದಲಿಸಿ ಕೇಳುವ ಅವಕಾಶ ಸಿಕ್ಕಿತು. ಎರಡೂ 7.2 ಚಾನಲ್‌ನವು, ಅಂದರೆ ಏಳು ಸ್ಪೀಕರ್, ಎರಡು ಸಬ್‌ವೂಫರ್ ಜೋಡಿಸಬಹುದು; ಸುತ್ತಲಿಂದಲೂ ಮೇಲಿಂದಲೂ ಸದ್ದು ಬರಿಸುವ ಡಾಲ್ಬಿ ಅಟ್ಮಾಸ್ ಮತ್ತು ಡಿಟಿಎಸ್:ಎಕ್ಸ್ ಎರಡರಲ್ಲೂ ಇವೆ. ಡೆನಾನ್‌ಗೆ ಆರು ಎಚ್‌ಡಿಎಂಐ ಇನ್‌ಪುಟ್, ಯಮಹಾಗೆ ಏಳು.

ವ್ಯಾಟ್ ವಿಷಯವನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಎರಡು ಚಾನಲ್ ನುಡಿಸುವಾಗ 8 ಓಮ್ (ವಿದ್ಯುತ್ ತಡೆಯ ಅಳತೆ) ಸ್ಪೀಕರ್‌ಗೆ ಡೆನಾನ್ 80 ವ್ಯಾಟ್, ಯಮಹಾ 100 ವ್ಯಾಟ್ ಎಂದು ಕಂಪನಿಗಳೇ ಹೇಳುತ್ತವೆ. ಕಾಗದದ ಮೇಲೆ ದೊಡ್ಡ ಅಂತರ. ಆದರೆ ಶಕ್ತಿ ದುಪ್ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. 80ಕ್ಕೂ 100ಕ್ಕೂ ನಡುವೆ 1 ಡೆಸಿಬೆಲ್ ಕೂಡ ಇಲ್ಲ. ಅಂಗಡಿಯವರು ಈ ಇಪ್ಪತ್ತು ವ್ಯಾಟನ್ನು ಎಷ್ಟೇ ಹೊಗಳಲಿ, ಅದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ.

ಗಮನ ಕೊಡಬೇಕಾದದ್ದು ಕೋಣೆಗೆ. ನಮ್ಮ ಹಾಲ್ ಈ ಊರಿನ ಸಾವಿರಾರು ಹಾಲ್‌ಗಳಂತೆಯೇ ಇದೆ: ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಮೇಲೆ ಬರಿ ಕಾಂಕ್ರೀಟ್, ಬಾಲ್ಕನಿಯ ಕಡೆಗೆ ಗೋಡೆಯುದ್ದಕ್ಕೂ ಗಾಜಿನ ಬಾಗಿಲು. ಚಪ್ಪಾಳೆ ತಟ್ಟಿದರೆ ಅದರ ಹಿಂದೆಯೇ ಒಂದು ಝಣಝಣ ಕೇಳುತ್ತದೆ. ಇಂಥ ಕೋಣೆಯಲ್ಲಿ ಎಷ್ಟು ಒಳ್ಳೆಯ ಸ್ಪೀಕರ್ ಇಟ್ಟರೂ ಮಾತಿನ ಅಂಚು ಮಸುಕಾಗುತ್ತದೆ, ಬಾಸ್ ಒಂದು ಮೂಲೆಯಲ್ಲಿ ಗುಮ್ಮೆನ್ನುತ್ತದೆ, ಇನ್ನೊಂದು ಕಡೆ ಮಾಯವಾಗುತ್ತದೆ. ಅದಕ್ಕೇ ಕೋಣೆಯನ್ನು ಅಳೆದು ಸದ್ದನ್ನು ತಿದ್ದುವ ವ್ಯವಸ್ಥೆ ಈ ಎರಡು ಪೆಟ್ಟಿಗೆಗಳಲ್ಲಿ ಹೇಗಿದೆ ಎಂಬುದು ಮುಖ್ಯವಾಗುತ್ತದೆ.

ಡೆನಾನ್‌ನಲ್ಲಿರುವುದು ಆಡಿಸ್ಸಿ ಮಲ್ಟ್‌ಇಕ್ಯು ಎಕ್ಸ್‌ಟಿ. ಪೆಟ್ಟಿಗೆಯಲ್ಲೇ ಒಂದು ಮೈಕ್ ಮತ್ತು ಅದನ್ನು ನಿಲ್ಲಿಸಲು ರಟ್ಟಿನ ತುಂಡುಗಳು ಬರುತ್ತವೆ. ಅವನ್ನು ಒಂದಕ್ಕೊಂದು ಸಿಕ್ಕಿಸಿದರೆ ಕಿವಿಯ ಎತ್ತರಕ್ಕೆ ಒಂದು ಕಂಬ ಸಿದ್ಧ. ಸೋಫಾದ ಸುತ್ತ ಎಂಟು ಜಾಗಗಳವರೆಗೆ ಅಳೆಯಬಹುದು. ಪ್ರತಿ ಸ್ಪೀಕರ್ ಹಕ್ಕಿ ಕೂಗಿದಂತೆ ಚುಯ್ ಚುಯ್ ಎನ್ನುವಾಗ ಮನೆ ನಿಶ್ಶಬ್ದವಾಗಿರಬೇಕು. ಪಕ್ಕದ ಮನೆಯ ಕುಕ್ಕರ್ ಕೂಗಿದರೂ, ಕೆಳಗೆ ತರಕಾರಿ ಗಾಡಿಯವರ ಧ್ವನಿವರ್ಧಕ ಬಂದರೂ ಅಳತೆ ಕೆಡುತ್ತದೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬೆಳಗಿನ ಜಾವ ಮಾಡಿದರೆ ಮಾತ್ರ ಕೆಲಸ ಸರಿಯಾಗುತ್ತದೆ. ಯಮಹಾದ ವೈಪಿಎಒ ಕೂಡ ಇದೇ ರೀತಿ ಅಳೆಯುತ್ತದೆ, ನನ್ನ ಅನುಭವದಲ್ಲಿ ಬೇಗ ಮುಗಿಸುತ್ತದೆ. ಮೈಕ್‌ಗೆ ಕ್ಯಾಮೆರಾ ಸ್ಟ್ಯಾಂಡ್ ಕೊಟ್ಟರೆ ಒಳ್ಳೆಯದು, ಸೋಫಾದ ಮೇಲೆ ಹಾಗೇ ಇಡಬಾರದು. ಮುಗಿದ ಮೇಲೆ ಫ್ಲ್ಯಾಟ್, ಫ್ರಂಟ್, ನ್ಯಾಚುರಲ್ ಎಂಬ ಆಯ್ಕೆಗಳಿರುತ್ತವೆ. ನಮ್ಮ ಝಣಝಣ ಹಾಲಿಗೆ, ಮೇಲಿನ ಸ್ವರಗಳನ್ನು ತುಸು ತಗ್ಗಿಸುವ ನ್ಯಾಚುರಲ್ ಹಿತವೆನಿಸಿತು.

ಬಾಸ್ ತಿದ್ದುವುದರಲ್ಲಿ ನನಗೆ ಡೆನಾನ್ ಮೇಲೆನಿಸಿತು. ಸೋಫಾದ ಎಡತುದಿಯಲ್ಲಿ ಕೂತರೂ ಬಲತುದಿಯಲ್ಲಿ ಕೂತರೂ ತಮಟೆಯ ಪೆಟ್ಟು ಒಂದೇ ತೂಕದಲ್ಲಿ ಬಂತು. ಮೇಲಿನ ಸ್ವರಗಳಲ್ಲಿ ಅದರ ತಿದ್ದುಪಡಿ ನನಗೆ ಸ್ವಲ್ಪ ಹೆಚ್ಚಾಯಿತು, ಹೆಣ್ಣುದನಿಯ ಸಹಜ ಬಣ್ಣ ಕಡಿಮೆಯಾದಂತೆ ಕೇಳಿಸಿತು. ಇದಕ್ಕೆ ಪರಿಹಾರವಿದೆ. ಆಡಿಸ್ಸಿಯ ಎಡಿಟರ್ ಆ್ಯಪ್ ಅನ್ನು ಬೇರೆಯಾಗಿ ದುಡ್ಡು ಕೊಟ್ಟು ಕೊಂಡರೆ ತಿದ್ದುಪಡಿ ಯಾವ ಕಂಪನಾಂಕದವರೆಗೆ ಇರಬೇಕೆಂದು ನಾವೇ ನಿಗದಿಪಡಿಸಬಹುದು. ನಾನು 500 ಹರ್ಟ್ಸ್‌ಗೆ ನಿಲ್ಲಿಸಿದೆ. ದನಿ ಮತ್ತೆ ಬೆಚ್ಚಗಾಯಿತು.

ಇನ್ನು ರಾತ್ರಿಯ ಪರೀಕ್ಷೆ. ಸದ್ದು ಕಡಿಮೆಯಾದಂತೆ ನಮ್ಮ ಕಿವಿಗೆ ಬಾಸ್ ಉಳಿದೆಲ್ಲಕ್ಕಿಂತ ಬೇಗ ಕ್ಷೀಣಿಸುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಹಾಗಾಗಿ ಸಣ್ಣ ಸದ್ದಿನಲ್ಲಿ ಸಿನಿಮಾ ತೆಳ್ಳಗಾಗುತ್ತದೆ, ಹಿಂದಿನ ಸ್ಪೀಕರ್‌ಗಳು ಮೌನವಾದಂತಾಗುತ್ತದೆ. ಡೆನಾನ್‌ನ ಡೈನಾಮಿಕ್ ಇಕ್ಯು ಮತ್ತು ಯಮಹಾದ ವೈಪಿಎಒ ವಾಲ್ಯೂಮ್ ಎರಡೂ ಈ ಕೊರತೆಯನ್ನು ತುಂಬಿಕೊಡಲೆಂದೇ ಇರುವವು. ಡೆನಾನ್‌ನದು ಧಾರಾಳದ ಕೈ: ಬಾಸ್ ಜೊತೆಗೆ ಸರೌಂಡ್ (ಪಕ್ಕದ, ಹಿಂದಿನ) ಸ್ಪೀಕರ್‌ಗಳನ್ನೂ ಎತ್ತುತ್ತದೆ. ಸಿನಿಮಾಕ್ಕೆ ಅದು ಸೊಗಸು, ಮಳೆಯ ದೃಶ್ಯದಲ್ಲಿ ಹಾಲ್ ತುಂಬ ಮಳೆ ಸುರಿಯುತ್ತದೆ. ಟಿವಿ ಧಾರಾವಾಹಿಗೆ ಅದೇ ಅತಿಯಾಗುತ್ತದೆ, ಹಿನ್ನೆಲೆ ಸಂಗೀತ ಮಾತನ್ನು ನುಂಗುತ್ತದೆ. ಈ ಎತ್ತುವಿಕೆಯನ್ನು ತಗ್ಗಿಸಲು ರೆಫರೆನ್ಸ್ ಲೆವೆಲ್ ಆಫ್‌ಸೆಟ್ ಎಂಬ ಸೌಲಭ್ಯವಿದೆ. ಸಿನಿಮಾಕ್ಕೆ 0, ಟಿವಿಗೆ 10 ಅಥವಾ 15 ಎಂದು ಇಟ್ಟರೆ ಹದಕ್ಕೆ ಬರುತ್ತದೆ. ಇದನ್ನು ಮುಟ್ಟದೆಯೇ ಡೈನಾಮಿಕ್ ಇಕ್ಯು ಚೆನ್ನಾಗಿಲ್ಲವೆಂದು ಆರಿಸಿಬಿಡುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ.

ಯಮಹಾದ ಕೈ ಹಗುರ. ಗೊತ್ತಾಗದಂತೆ ಕೆಲಸ ಮಾಡುತ್ತದೆ, ಹಾಗಾಗಿ ಸದಾ ಹಾಕಿಟ್ಟರೂ ಕಿರಿಕಿರಿಯಿಲ್ಲ. ಅದರ ಡೈಲಾಗ್ ಲೆವೆಲ್ ಎಂಬ ಸೌಲಭ್ಯ ನಮ್ಮ ಮನೆಯಲ್ಲಿ ನಿಜವಾಗಿ ಗೆದ್ದಿತು. ಅಮ್ಮನಿಗೆ ಕಿವಿ ಸ್ವಲ್ಪ ಮಂದ. “ಸದ್ದು ಜಾಸ್ತಿ ಬೇಡ, ಮಾತು ಮಾತ್ರ ಬಿಡಿಸಿ ಕೇಳಿಸಬೇಕು” ಎಂದು ಅವರು ಯಾವಾಗಲೂ ಹೇಳುತ್ತಿದ್ದರು. ಡೈಲಾಗ್ ಲೆವೆಲ್ ಅನ್ನು ಎರಡು ಮೆಟ್ಟಿಲು ಏರಿಸಿದ ಮೇಲೆ ರಿಮೋಟ್ ಕೇಳುವುದನ್ನೇ ಬಿಟ್ಟರು. ಡೆನಾನ್‌ನಲ್ಲಿ ಮಾತು ಹೆಚ್ಚಾಗಿ ಬರುವ ನಡುವಿನ (ಸೆಂಟರ್) ಸ್ಪೀಕರಿನ ಮಟ್ಟ ಏರಿಸಿ ಹತ್ತಿರ ಹತ್ತಿರ ಅದೇ ಫಲ ಪಡೆಯಬಹುದು.

ಸಂಗೀತಕ್ಕೆ ಬಂದರೆ ನನ್ನ ಮತ ಯಮಹಾಗೆ. ಎರಡೇ ಸ್ಪೀಕರ್‌ನಲ್ಲಿ ವೀಣೆಯ ಕಚೇರಿ ಹಾಕಿದಾಗ ಮೀಟಿದ ತಂತಿ ಗಮಕದಲ್ಲಿ ಎಳೆಎಳೆಯಾಗಿ ಸಾಗಿ ಆರುವುದು ಯಮಹಾದಲ್ಲಿ ಹೆಚ್ಚು ನಿಚ್ಚಳ. ಇಲ್ಲಿ ನನ್ನ ಬಳಿ ಯಾವ ಅಳತೆಯೂ ಇಲ್ಲ, ಕಿವಿಯೊಂದೇ ಸಾಕ್ಷಿ. ಆದರೆ ಮನೆಯಲ್ಲಿ ಬೆಳಗ್ಗೆ ಎದ್ದರೆ ಸಂಗೀತ, ವಾರಕ್ಕೊಮ್ಮೆ ಸಿನಿಮಾ ಎಂಬವರಿಗೆ ನಾನು ಯಮಹಾವನ್ನೇ ಹೇಳುತ್ತೇನೆ.

ಕೊಳ್ಳುವ ಮೊದಲು ಟೇಪು ಹಿಡಿದು ಟಿವಿ ಯೂನಿಟ್ ಅಳೆಯಿರಿ. ಡೆನಾನ್‌ನ ಆಳ ಸುಮಾರು 34 ಸೆಂಟಿಮೀಟರ್, ಯಮಹಾದ್ದು ಸುಮಾರು 38. ನಮ್ಮ ಬಡಗಿ ಮಾಡಿಕೊಟ್ಟ ಯೂನಿಟ್ 40 ಸೆಂಟಿಮೀಟರ್ ಆಳದ್ದು. ಹಿಂದೆ ಎಚ್‌ಡಿಎಂಐ ಕೇಬಲ್ ಬಾಗಲು ಜಾಗ ಬೇಕಲ್ಲ, ಯಮಹಾದ ಮೂತಿ ಮುಂದಕ್ಕೆ ಚಾಚಿಕೊಂಡಿತು. ಎರಡೂ ಬಿಸಿಯಾಗುವ ಪೆಟ್ಟಿಗೆಗಳೇ, ಆದ್ದರಿಂದ ಬಾಗಿಲು ಮುಚ್ಚುವ ಖಾನೆಯೊಳಗೆ ಯಾವುದನ್ನೂ ಇಡಬಾರದು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಇರುವ ಮನೆಯಾದರೆ ರಿಸೀವರನ್ನು ಆ ಸಾಲಿಗೆ ಸೇರಿಸಲೇಬೇಡಿ. ಕರೆಂಟ್ ಹೋದಾಗ ಸಿನಿಮಾ ನಿಲ್ಲಲಿ, ಪರವಾಗಿಲ್ಲ. ಬನಾನಾ ಪ್ಲಗ್ (ವೈರಿನ ತುದಿಗೆ ಹಾಕುವ ಪಿನ್), ಸ್ಪೀಕರ್ ವೈರ್ ಎಲ್ಲ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತವೆ. ತಾಮ್ರದ ವೈರನ್ನೇ ಕೇಳಿ ತೆಗೆದುಕೊಳ್ಳಿ, ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಬೇಡ. ವೈರಿಂಗ್ ಗೊತ್ತಿಲ್ಲದವರಿಗೆ ಡೆನಾನ್ ಸುಲಭ: ಹಿಂದಿನ ಸ್ಪೀಕರ್ ತಿರುಪುಗಳಿಗೆ ಒಂದೊಂದು ಬಣ್ಣವಿದೆ, ಟಿವಿ ಪರದೆಯ ಮೇಲೆ ಚಿತ್ರ ತೋರಿಸುತ್ತಾ ಒಂದೊಂದೇ ಹೆಜ್ಜೆ ಮುಂದಕ್ಕೆ ಕರೆದೊಯ್ಯುತ್ತದೆ.

ನಾನು ಡೆನಾನ್ ಇಟ್ಟುಕೊಂಡೆ. ನಮ್ಮಲ್ಲಿ ರಾತ್ರಿಯ ಸಿನಿಮಾವೇ ಹೆಚ್ಚು, ಹಾಲ್ ಕೂಡ ತಿದ್ದುಪಡಿ ಬೇಡುವಂಥದ್ದು. ಭಾವಮೈದುನನ ಹೊಸ ಮನೆಯಲ್ಲಿ ಪರದೆ, ಜಮಖಾನ, ಪುಸ್ತಕದ ಕಪಾಟು ಎಲ್ಲ ಇವೆ. ಅಲ್ಲಿ ಯಮಹಾ ಇನ್ನೂ ಚೆನ್ನಾಗಿ ಹಾಡುತ್ತಿದೆ, ಅವನು ಬದಲಿಸಬೇಕಾದ ಅಗತ್ಯವೇ ಇಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು, ಅದರಲ್ಲೂ ಗೇಮ್ ಆಡುವ ಮಕ್ಕಳಿರುವವರು, ಒಂದು ವಿಷಯ ತಿಳಿದಿರಬೇಕು. 2020ರಲ್ಲಿ ಬಂದ ಹಲವು ಕಂಪನಿಗಳ ಮೊದಲ ಎಚ್‌ಡಿಎಂಐ 2.1 ರಿಸೀವರ್‌ಗಳಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ 4ಕೆ 120 ಹರ್ಟ್ಸ್ (ಸೆಕೆಂಡಿಗೆ 120 ಚೌಕಟ್ಟುಗಳ) ಚಿತ್ರ ಸರಿಯಾಗಿ ಹಾಯುತ್ತಿರಲಿಲ್ಲ. ವಿ6ಎ ಆ ವರ್ಷದ್ದು, ಯಮಹಾ ಆಮೇಲೆ ಒಳಗಿನ ಬೋರ್ಡನ್ನೇ ಉಚಿತವಾಗಿ ಬದಲಿಸಿಕೊಡುವುದಾಗಿ ಪ್ರಕಟಿಸಿತ್ತು. 1700ಎಚ್ ಬಂದದ್ದು 2021ರಲ್ಲಿ, ಅದಕ್ಕೆ ಈ ತೊಂದರೆಯಿಲ್ಲ. ಹಳೆಯ ವಿ6ಎ ಸಿಕ್ಕರೆ ಬೋರ್ಡ್ ಬದಲಾಗಿದೆಯೇ ಎಂದು ಮಾರುವವರನ್ನು ಕೇಳಿ. ಸಾಧ್ಯವಾದರೆ ಗೇಮ್ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋಗಿ, ಅವರ ಮನೆಯಲ್ಲೇ ಜೋಡಿಸಿ ನೋಡಿದ ಮೇಲೆ ಹಣ ಕೊಡಿ.