ಹೆಸರು ಮುಚ್ಚಿಟ್ಟರೂ ನಂಬರ್ ಬಾಯಿಬಿಡುತ್ತದೆ

ಬೇರೆ ಹೆಸರಿನಲ್ಲಿ ಅಕೌಂಟ್ ಇಟ್ಟುಕೊಂಡು ಬರೆಯುವವರು ದಯವಿಟ್ಟು ಇದನ್ನು ಓದಿ.

ಖಿನ್ನತೆಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದಾಗ ಒಂದು ಆ್ಯಪ್‌ನಲ್ಲಿ ಹೆಸರು ಬದಲಿಸಿ ಬರೆಯುತ್ತಿದ್ದೆ. ಫೋಟೋ ಹಾಕಿರಲಿಲ್ಲ, ಊರು ಹೇಳಿರಲಿಲ್ಲ, ಅಕೌಂಟ್ ಪ್ರೈವೇಟ್ ಮಾಡಿದ್ದೆ. ಒಂದು ದಿನ ಸಹೋದ್ಯೋಗಿಯೊಬ್ಬರು ಫೋನ್ ತಂದು ನನ್ನ ಮುಂದೆ ಹಿಡಿದರು. 'ನಿಮಗೆ ಪರಿಚಯ ಇರಬಹುದು' ಅನ್ನುವ ಪಟ್ಟಿಯಲ್ಲಿ ನನ್ನ ಅಕೌಂಟ್! ಕೆಳಗೆ ಸಣ್ಣ ಅಕ್ಷರದಲ್ಲಿ, 'ನಿಮ್ಮ ಕಾಂಟ್ಯಾಕ್ಟ್‌ನಲ್ಲಿದ್ದಾರೆ'. ಅದು ಆಫೀಸಿನ ಫೋನ್. ಅದರಲ್ಲಿದ್ದದ್ದು ನಮ್ಮ ತಂಡದವರ ನಂಬರ್‌ಗಳು ಮಾತ್ರ. "ಇದು ನೀವೇ ಅಲ್ವಾ?" ಅಂದರು. ಪೋಸ್ಟ್‌ಗಳಿಗೆ ಬೀಗ ಇತ್ತು, ನಿಜ. ಆದರೆ ಬಯೋದಲ್ಲಿ, ಅಂದರೆ ಪ್ರೊಫೈಲ್‌ನ ಪರಿಚಯದ ಜಾಗದಲ್ಲಿ ಬರೆದಿದ್ದ 'ಖಿನ್ನತೆಯ ಜೊತೆ ಬದುಕು' ಅನ್ನುವ ಸಾಲು ಯಾರು ಬಂದರೂ ಕಾಣುತ್ತಿತ್ತು.

ಆಗಿದ್ದೇನೆಂದರೆ, ಲಾಗಿನ್ ಭದ್ರವಾಗಿರಲಿ, ಒಟಿಪಿ ಕಳಿಸುತ್ತೇವೆ ಎಂದು ಆ್ಯಪ್ ನನ್ನ ನಂಬರ್ ಪಡೆದಿತ್ತು. ನನ್ನ ಕಾಂಟ್ಯಾಕ್ಟ್ ಪಟ್ಟಿ ನೋಡಲು ನಾನು ಅನುಮತಿ ಕೊಟ್ಟಿರಲಿಲ್ಲ. ಆ ಸಹೋದ್ಯೋಗಿ ತಮ್ಮ ಪಟ್ಟಿ ನೋಡಲು ಕೊಟ್ಟಿದ್ದರು. ಅವರ ಪಟ್ಟಿಯಲ್ಲಿ ನನ್ನ ನಂಬರ್ ಇತ್ತಲ್ಲ, ಅಷ್ಟೇ ಸಾಕಾಯಿತು.

ಪ್ರೈವೇಟ್ ಮಾಡಿದರೆ ನೀವು ಏನು ಬರೆದಿದ್ದೀರಿ ಅನ್ನುವುದು ಮುಚ್ಚಿಹೋಗುತ್ತದೆ. ಬರೆದವರು ಯಾರು ಅನ್ನುವುದು ಮುಚ್ಚುವುದಿಲ್ಲ. ಆ ಒಂದು ಬಟನ್ ಒತ್ತಿ ಎರಡೂ ಸಿಕ್ಕಿತು ಅಂತ ಎಷ್ಟೋ ಜನ ನಂಬಿಕೊಂಡಿದ್ದಾರೆ. ಅದೇ ನನಗೆ ಭಯ.

ಟ್ವಿಟರ್‌ನಲ್ಲಿ ಏನಾಯಿತು ನೋಡಿ. 2021ರ ಜೂನ್‌ನ ಒಂದು ಅಪ್‌ಡೇಟ್ ಜೊತೆ ದೋಷವೊಂದು ನುಸುಳಿತು. ಯಾರದ್ದೋ ಫೋನ್ ನಂಬರ್ ಅಥವಾ ಇಮೇಲ್ ಕೊಟ್ಟರೆ, ಅದು ಯಾವ ಅಕೌಂಟಿನದು ಎಂದು ವ್ಯವಸ್ಥೆಯೇ ಹೇಳಿಬಿಡುತ್ತಿತ್ತು. 2022ರ ಜನವರಿಯಲ್ಲಿ ಸರಿಪಡಿಸಿದರು. ಅಷ್ಟರಲ್ಲಿ ಯಾರೋ ಮಾಹಿತಿ ಬಾಚಿಕೊಂಡಾಗಿತ್ತು. ಅದೇ ವರ್ಷ ಜುಲೈನಲ್ಲಿ ಅದು ಮಾರಾಟಕ್ಕಿರುವುದು ಬಯಲಾಯಿತು. ಹೆಸರು ಮರೆಮಾಚಿ ಬರೆಯುವವರು ಸಾರ್ವಜನಿಕವಾಗಿ ಗೊತ್ತಿರುವ ನಂಬರ್, ಇಮೇಲ್ ಸೇರಿಸಬೇಡಿ ಎಂದು ಆಗ ಕಂಪನಿಯೇ ಹೇಳಿತು.

ಹಾಗಾಗಿ ಅಂಥ ಅಕೌಂಟಿಗೆ ಬೇರೆಲ್ಲೂ ಬಳಸದ ಇಮೇಲ್ ಕೊಡಿ. ಒಟಿಪಿಗೆ ನಂಬರ್ ಕೊಡುವ ಬದಲು ಅಥೆಂಟಿಕೇಟರ್ ಆ್ಯಪ್ (ಲಾಗಿನ್ ಕೋಡನ್ನು ಫೋನಿನಲ್ಲೇ ತೋರಿಸುವ ಆ್ಯಪ್) ಬಳಸಿ, ಭದ್ರತೆಯೂ ಜಾಸ್ತಿ. ಸೆಟ್ಟಿಂಗ್ಸ್‌ನಲ್ಲಿ 'ನಂಬರ್‌ನಿಂದ ಹುಡುಕಲು ಬಿಡಿ', 'ನನ್ನ ಅಕೌಂಟನ್ನು ಇತರರಿಗೆ ಸೂಚಿಸಿ' ಎಂಬಂಥವು ಇದ್ದರೆ ಆಫ್ ಮಾಡಿ. ಬಯೋ, ಪ್ರೊಫೈಲ್ ಚಿತ್ರ ಹೊರಗಿನವರಿಗೂ ಕಾಣುತ್ತವೆ ಎಂದೇ ತಿಳಿದು ಬರೆಯಿರಿ. ನಿಮ್ಮ ಮಾಮೂಲಿ ನಂಬರ್ ಈಗಾಗಲೇ ಕೊಟ್ಟಿದ್ದರೆ, ಸುಮ್ನೆ ಹೆಸರು ಬದಲಿಸಿ ಪ್ರಯೋಜನವಿಲ್ಲ. ಹೊಸ ಇಮೇಲ್‌ನಿಂದ ಹೊಸ ಅಕೌಂಟ್ ತೆರೆಯಿರಿ. ನಾನು ಹಾಗೇ ಮಾಡಿದೆ.