ಕೈಯಲ್ಲಿ ಕಾಗದ ಇದೆ ಅಂದ್ರೆ ಎಫ್‌ಸಿ ಆಗಿದೆ ಅಂತಲ್ಲ

ಟಾಟಾ ಏಸ್, ಪಿಕಪ್, ಟಂಟಂ, ಹಳದಿ ಬೋರ್ಡಿನ ಗಾಡಿ ಏನೇ ಇಟ್ಟುಕೊಂಡಿದ್ದರೂ ಇದನ್ನೊಮ್ಮೆ ಓದಿಬಿಡಿ. ನಾನು ಕಳಕೊಂಡಿದ್ದು ಸಾಕು.

ನಮ್ಮದು ಅಣ್ಣಿಗೇರಿ ಕಡೆ. 2016ರ ಟಾಟಾ ಏಸ್ ಇದೆ. ಸುಗ್ಗಿಯಲ್ಲಿ ಹೆಸರುಕಾಳು, ಉಳ್ಳಾಗಡ್ಡಿ, ಮೆಣಸಿನಕಾಯಿ ಹೇರಿಕೊಂಡು ಹುಬ್ಬಳ್ಳಿ ಅಮರಗೋಳದ ಎಪಿಎಂಸಿಗೆ ಹೋಗಿ ಬರುತ್ತೇನೆ. ಗಾಡಿಗೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಗಾಡಿ ರಸ್ತೆಗಿಳಿಯೋಕೆ ಯೋಗ್ಯ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಿದರೆ ನಡೆಯುತ್ತಿತ್ತು, ಎಂಟು ದಾಟಿತು ಅಂದರೆ ಪ್ರತಿ ವರ್ಷ ಮಾಡಿಸಲೇಬೇಕು. ನನ್ನದು ಜುಲೈ 31ಕ್ಕೆ ಮುಗಿಯುತ್ತಿತ್ತು. ಹೆಸರು ಬರುವ ಹೊತ್ತು, ಒಂದು ದಿನ ಗಾಡಿ ನಿಂತರೂ ಬಾಡಿಗೆ ಹೋಯಿತು.

ಆರ್‌ಟಿಒ ಕಚೇರಿ ಹೊರಗೆ ಚಹಾದಂಗಡಿ ಪಕ್ಕ ಕೂರುತ್ತಿದ್ದ ಒಬ್ಬ ಏಜೆಂಟ್ ಸಿಕ್ಕ. "ಅಣ್ಣಾರ, ಗಾಡಿ ತರೂದು ಬ್ಯಾಡ್ರಿ. ನಾಕು ಫೋಟೋ ಕಳಸ್ರಿ, ಉಳದದ್ದು ನಾ ನೋಡ್ಕೋತೀನಿ" ಅಂದ. 6,500 ರೂಪಾಯಿ ಕೇಳಿದ. ಸುಳ್ಳು ಯಾಕೆ ಹೇಳಲಿ, ನನಗೂ ಅದೇ ಬೇಕಿತ್ತು. ಫೋನ್‌ಪೇ ಮಾಡಿದೆ. ಹೆಸರು ಬೇರೆ ಯಾರದ್ದೋ ತೋರಿಸಿತು, ಆವಾಗಲೇ ಸಂಶಯ ಬರಬೇಕಿತ್ತು ಅಲ್ವಾ? ಬರಲಿಲ್ಲ.

ಐದನೇ ದಿನ ಕಾಗದ ಕೈಗೆ ಬಂತು. ಸೀಲು, ಸಹಿ, ಮುಂದಿನ ಜುಲೈ ತನಕ ದಿನಾಂಕ, ಮೇಲೆ ಲ್ಯಾಮಿನೇಷನ್ ಬೇರೆ. ಖುಷಿಯಿಂದ ಡ್ಯಾಶ್‌ಬೋರ್ಡಿನಲ್ಲಿ ಸಿದ್ಧಾರೂಢ ಅಜ್ಜನ ಫೋಟೋ ಪಕ್ಕ ಸಿಗಿಸಿಟ್ಟೆ.

ಸೆಪ್ಟೆಂಬರ್ ಮೊದಲ ವಾರ, ಹದಿನಾಲ್ಕು ಚೀಲ ಹೆಸರು ಹೇರಿಕೊಂಡು ಹೊರಟಿದ್ದೆ, ಹುಬ್ಬಳ್ಳಿ ಇನ್ನೂ ಸ್ವಲ್ಪ ದೂರ ಇರುವಾಗ ಗದಗ ರಸ್ತೆಯಲ್ಲಿ ತಪಾಸಣೆಗೆ ನಿಲ್ಲಿಸಿದರು. ನಾನು ಧೈರ್ಯದಿಂದ ಕಾಗದ ಚಾಚಿದೆ. ಅವರು ಅದನ್ನು ಮುಟ್ಟಲೂ ಇಲ್ಲ. ಗಾಡಿ ನಂಬರ್ ಹೊಡೆದು ಮೊಬೈಲ್ ನನ್ನ ಕಡೆ ತಿರುಗಿಸಿದರು. ಎಫ್‌ಸಿ ಜುಲೈ 31ಕ್ಕೇ ಮುಗಿದಿದೆ! ಆಮೇಲೆ ಕಾಗದ ನೋಡಿ, "ಇದು ಹೋದ ವರ್ಷದ್ದ ಐತ್ರಿ, ದಿನಾಂಕ ತಿದ್ದಿ ಪ್ರಿಂಟ್ ಹಾಕ್ಯಾರ" ಅಂದರು. ಗಾಡಿ ಅಲ್ಲೇ ನಿಂತಿತು. ಮಾಲು ಬೇರೆ ಗಾಡಿಗೆ ಹಾಕಿ ಕಳಿಸುವಷ್ಟರಲ್ಲಿ ಎಪಿಎಂಸಿಯಲ್ಲಿ ಮಾಲಿಗೆ ದರ ಹಾಕುವ ಆವತ್ತಿನ ಟೆಂಡರ್ ಹೊತ್ತು ಮೀರಿತ್ತು, ಮಾಲಿನ ಮಾಲೀಕರು ನನಗೆ ಅಂದದ್ದನ್ನು ಇಲ್ಲಿ ಬರೆಯೋಕಾಗಲ್ಲ. ದಂಡವೂ ಬಿತ್ತು.

ಏಜೆಂಟ್ ಮೊದಲು "ಸಿಸ್ಟಮ್ ಅಪ್‌ಡೇಟ್ ಆಗಿಲ್ರಿ" ಅಂದ. ಮರುದಿನದಿಂದ ಫೋನ್ ಸ್ವಿಚ್ ಆಫ್. ಪೊಲೀಸರಿಗೆ ದೂರು ಕೊಟ್ಟಿದ್ದೇನೆ, ಆದರೆ ನನ್ನ ಹತ್ತಿರ ರಸೀದಿ ಇಲ್ಲ, ಅರ್ಜಿ ನಂಬರ್ ಇಲ್ಲ, ಅವನ ಪೂರ್ತಿ ಹೆಸರೂ ಗೊತ್ತಿಲ್ಲ.

ಆ ಮೂವತ್ತು ಚಿಲ್ಲರೆ ದಿನದಲ್ಲಿ ಅಪಘಾತ ಆಗಿದ್ದರೆ? ಇದನ್ನು ನೆನೆಸಿಕೊಂಡರೆ ಈಗಲೂ ನಿದ್ದೆ ಬರಲ್ಲ. 1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಂ ಪ್ರಕಾರ ಎಫ್‌ಸಿ ಇಲ್ಲದ ಸಾರಿಗೆ ವಾಹನಕ್ಕೆ ಸರಿಯಾದ ನೋಂದಣಿಯೇ ಇಲ್ಲ ಎಂದು ಲೆಕ್ಕ. ನಾನು ಇನ್ಶೂರೆನ್ಸ್ ತಪ್ಪದೇ ಕಟ್ಟಿದ್ದೆ, ಆದರೆ ಕ್ಲೇಮ್ ಕೇಳೋಕೆ ಹೋದಾಗ ಕಂಪನಿಯವರು ಮೊದಲು ಹಿಡಿಯೋದೇ ಇದನ್ನು.

ಕೊನೆಗೆ ನಾನೇ ಅರ್ಜಿ ಹಾಕಿ, ನಾನೇ ಗಾಡಿ ತಗೊಂಡು ಹೋದೆ. ಮೊದಲ ಸಲ ಫೇಲ್. ಹೆಡ್‌ಲೈಟ್ ಒಂದು ಆಕಾಶ ನೋಡುತ್ತಿತ್ತು, ಹಿಂದಿನ ಕೆಂಪು ರಿಫ್ಲೆಕ್ಟರ್ ಟೇಪ್ ಅರ್ಧ ಕಿತ್ತಿತ್ತು, ಇವೆಲ್ಲ ಹೋಗಲಿ ಬಿಡಿ. ಹಿಂದಿನ ಎಡಗಡೆ ಬ್ರೇಕ್ ಹಿಡಿಯುತ್ತಲೇ ಇರಲಿಲ್ಲ. ಮಿಸ್ತ್ರಿ ಡ್ರಮ್ ಬಿಚ್ಚಿ ತೋರಿಸಿದ, ವೀಲ್ ಸಿಲಿಂಡರ್‌ನಿಂದ ಆಯಿಲ್ ಸೋರಿ ಲೈನರ್ ಪೂರ್ತಿ ನೆನೆದುಬಿಟ್ಟಿತ್ತು. ಬ್ರೇಕ್ ಒತ್ತಿದಾಗ ಗಾಡಿ ಬಲಕ್ಕೆ ಎಳೆಯುತ್ತಿದ್ದದ್ದು ನನಗೂ ಗೊತ್ತಾಗಿತ್ತು, ರಸ್ತೆ ಸರಿ ಇಲ್ಲ ಅಂದುಕೊಂಡು ಸುಮ್ನೆ ಓಡಿಸುತ್ತಿದ್ದೆ. ಹೇರು ತುಂಬಿಕೊಂಡು!

ರಿಪೇರಿ ಮಾಡಿಸಿ ಎರಡನೇ ಸಲ ಹೋದೆ, ಸೆಪ್ಟೆಂಬರ್ 16ಕ್ಕೆ ಪಾಸಾಯಿತು. ತಡವಾಗಿದ್ದಕ್ಕೆ ದಿನಕ್ಕೆ 50 ರೂಪಾಯಿಯಂತೆ 47 ದಿನಕ್ಕೆ 2,350 ಜಾಸ್ತಿ ಕಟ್ಟಿದೆ.

ಏಜೆಂಟ್ ಕೈಲಿ ಮಾಡಿಸಲೇಬೇಡಿ ಅಂತ ನಾನು ಹೇಳಲ್ಲ, ಎಲ್ಲರಿಗೂ ಬಿಡುವು ಇರಲ್ಲ. ಆದರೆ ಗಾಡಿ ತರೋದು ಬೇಡ ಅಂದವನ ಹತ್ತಿರ ನಿಲ್ಲಬೇಡಿ. ಅರ್ಜಿ ನಂಬರ್ ಮತ್ತು ಶುಲ್ಕದ ರಸೀದಿ ಕೇಳಿ ಇಸಕೊಳ್ಳಿ. ಅರ್ಜಿಯಲ್ಲಿ ನಿಮ್ಮದೇ ಮೊಬೈಲ್ ನಂಬರ್ ಇರಲಿ, ಮೆಸೇಜ್ ಬರೋದು ಅದಕ್ಕೇ. ನನ್ನ ಗಾಡಿಯ ದಾಖಲೆಯಲ್ಲಿ ಇದ್ದದ್ದು ಯಾವುದೋ ಹಳೇ ಏಜೆಂಟನ ನಂಬರ್! ಕಾಗದ ಬಂದ ದಿನವೇ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಫಿಟ್‌ನೆಸ್ ಯಾವತ್ತಿನ ತನಕ ಇದೆ ಅಂತ ನೋಡಿ. ಎರಡು ನಿಮಿಷದ ಕೆಲಸ. ಸ್ವಂತ ಕಾರು, ಬೈಕ್ ಇರುವವರಿಗೆ ಈ ಫಿಟ್‌ನೆಸ್ ತಪಾಸಣೆ ಬರೋದು ಹದಿನೈದು ವರ್ಷ ಆದಮೇಲೆ, ಆರ್‌ಸಿ ನವೀಕರಿಸುವಾಗ. ಅವರಿಗೂ ದಿನಾಂಕ ನೋಡುವ ದಾರಿ ಅದೇ ಆ್ಯಪ್.

ನಮ್ಮೂರಲ್ಲೇ ಅದೇ ಏಜೆಂಟ್ ಕೈಲಿ ಮಾಡಿಸಿದವರು ಇನ್ನಿಬ್ಬರು ಇದ್ದಾರೆ. ಒಬ್ಬರದ್ದು ನಾನೇ ನೋಡಿದೆ, ಮಾರ್ಚ್‌ನಲ್ಲೇ ಮುಗಿದಿದೆ. ಇನ್ನೊಬ್ಬರು ಗಾಡಿ ನಂಬರ್ ಹಾಕಿ ನೋಡೋಕೂ ಬಿಡಲಿಲ್ಲ. "ಏ, ನಂದು ಲ್ಯಾಮಿನೇಷನ್ ಐತಿ ತಗೋ" ಅಂದರು.